ಋಣ ಯಾರ ಮೇಲಿದೆ?

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರಿನ ಮತದಾರ ಬಂಧುಗಳೇ, ನಿಮ್ಮನ್ನು ಯಾರೂ ದಡ್ಡರೆನ್ನಲಾರರು. 2021ರ ಅಕ್ಟೋಬರ್ 30ರಂದು ಹಾನಗಲ್ಲಿನಲ್ಲಿ ಉಪಚುನಾವಣೆ ನಡೆದಾಗ ಮುಖ್ಯಮಂತ್ರಿಯಾಗಿದ್ದವರು ಪಕ್ಕದ ಶಿಗ್ಗಾವಿಯ ಶಾಸಕ ಬಸವರಾಜ ಬೊಮ್ಮಾಯಿ. ಮಂತ್ರಿಗಳ ದಂಡೇ ಬಂದು ಬೀಡುಬಿಟ್ಟಿತ್ತು. ನೀವು ಎಲ್ಲರ ಭಾಷಣ ಕೇಳಿ, ಎಲ್ಲರಿಗೂ ‘ಆತ್ರೀ ಸಾಹೇಬ್ರ’ ಅಂದು, ಕಾಂಗ್ರೆಸ್ಸಿನ ಶ್ರೀನಿವಾಸ ಮಾನೆಯವರನ್ನು 7,373 ಮತಗಳಿಂದ ಗೆಲ್ಲಿಸಿದಿರಿ. ಶಿಗ್ಗಾವಿ, ಸವಣೂರಿನವರೂ ಕಡಿಮೆಯೇನಲ್ಲ. 2023ರಲ್ಲಿ ಬೊಮ್ಮಾಯಿಯವರಿಗೆ ಸುಮಾರು 36 ಸಾವಿರದ ಮುನ್ನಡೆ ಕೊಟ್ಟಿರಿ. ಸುಮಾರು ಒಂದೂವರೆ ವರ್ಷದಲ್ಲೇ, 2024ರ ನವೆಂಬರಿನ ಉಪಚುನಾವಣೆಯಲ್ಲಿ, ಅಜ್ಜನೂ ಅಪ್ಪನೂ ಮುಖ್ಯಮಂತ್ರಿಗಳಾಗಿದ್ದ ಮನೆಯ ಭರತ ಬೊಮ್ಮಾಯಿ 13,448 ಮತಗಳಿಂದ ಸೋತರು, ಹಿಂದಿನ ಸಲ ಅಪ್ಪನೆದುರು ಸೋತಿದ್ದ ಯಾಸೀರ್ ಅಹ್ಮದ್ ಖಾನ್ ಪಠಾಣ್ ಗೆದ್ದರು. ‘ಇಲ್ಲಿ ಸಾಬರು ಆರಿಸಿ ಬರೂದಿಲ್ಲ’ ಎಂದು ಚಹಾದಂಗಡಿಯಲ್ಲಿ ಬಾಜಿ ಕಟ್ಟಿದವರು ರೊಕ್ಕ ಕಳೆದುಕೊಂಡರು.

ಇಷ್ಟು ಚುರುಕಾದ ಮತದಾರರ ಮುಂದೆ ನನಗೊಂದು ಸಿಟ್ಟಿನ ಮಾತಿದೆ.

ಹಿರೇಕೆರೂರನ್ನೇ ನೋಡಿ. 2018ರಲ್ಲಿ ಬಿ.ಸಿ. ಪಾಟೀಲರು ಕಾಂಗ್ರೆಸ್ಸು, ಯು.ಬಿ. ಬಣಕಾರರು ಬಿಜೆಪಿ. ಪಾಟೀಲರು ಗೆದ್ದದ್ದು ಬರೀ 555 ಮತಗಳಿಂದ. 2023ರಲ್ಲಿ ಅದೇ ಇಬ್ಬರು ಎದುರಾದಾಗ ಪಾಟೀಲರು ಬಿಜೆಪಿ, ಬಣಕಾರರು ಕಾಂಗ್ರೆಸ್ಸು. ಬಣಕಾರರು ಗೆದ್ದರು. ನಡುವೆ ಏನೇನಾಯಿತು ನೆನಪಿಸಿಕೊಳ್ಳಿ: 2019ರಲ್ಲಿ ಶಾಸಕರ ರಾಜೀನಾಮೆ, ಸಮ್ಮಿಶ್ರ ಸರ್ಕಾರದ ಪತನ, ಹದಿನೇಳು ಜನರ ಅನರ್ಹತೆ, ಡಿಸೆಂಬರ್ 5ರ ಉಪಚುನಾವಣೆ. ಕೈ ಗುರುತಿಗೆ ಬಿದ್ದ ಮತ ಕಮಲದ ಲೆಕ್ಕಕ್ಕೆ ಹೋಯಿತು. ಆ ಉಪಚುನಾವಣೆಯಲ್ಲಿ ನಾವು ಅದಕ್ಕೆ ‘ಸೈ’ ಅಂದೆವು. ಸುಮಾರು ಮೂರೂವರೆ ವರ್ಷದ ಮೇಲೆ ‘ಒಲ್ಲೆ’ ಅಂದೆವು. ಎರಡು ಸಲವೂ ಯಾರಾದರೂ ಎದ್ದುನಿಂತು ‘ಸಾಹೇಬ್ರ, ನಮ್ಮನ್ನ ಕೇಳಿ ಹೋದಿರೇನು?’ ಎಂದು ಕೇಳಿದ್ದುಂಟೆ? ಪಕ್ಷ ಬದಲಿಸುವವರು ಎರಡೂ ಕಡೆ ಇದ್ದಾರೆ. ಬಾಗಿಲು ತೆರೆದಿಟ್ಟು ಹಾರ ಹಿಡಿದು ಕಾಯುವವರೂ ಎರಡೂ ಕಡೆ ಇದ್ದಾರೆ. ದನದ ಸಂತೆಯಲ್ಲಿ ಎತ್ತಿನ ಹಲ್ಲು ನೋಡದೆ ರೊಕ್ಕ ಬಿಚ್ಚದ ನಾವು ಇಲ್ಲಿ ಮಾತ್ರ ಗಾಳಿ ಯಾವ ಕಡೆಗಿದೆ ಎಂದಷ್ಟೇ ನೋಡುತ್ತೇವೆ.

ಇನ್ನು ಮತದಾನದ ಹಿಂದಿನ ರಾತ್ರಿಯ ಮಾತು. ಓಣಿಯ ದೀಪ ಆರಿದ ಮೇಲೆ ಇಬ್ಬರು ಬರುತ್ತಾರೆ. ಒಬ್ಬನ ಕೈಯಲ್ಲಿ ಮತದಾರರ ಪಟ್ಟಿ, ಇನ್ನೊಬ್ಬನ ಬಗಲಲ್ಲಿ ಚೀಲ. ‘ಮನ್ಯಾಗ ಎಷ್ಟು ಓಟ ಅದಾವಬೇ?’ ಎಂದು ಕೇಳಿ ರೊಕ್ಕ ಎಣಿಸಿ ಕೊಡುತ್ತಾರೆ. ಕೆಲವು ಕಡೆ ದೇವರ ಫೋಟೋ ಮುಟ್ಟಿಸಿ ಆಣೆ ಮಾಡಿಸಿಕೊಳ್ಳುತ್ತಾರೆ. ಕೊಡುವುದೂ ಅಪರಾಧ, ಇಸಿದುಕೊಳ್ಳುವುದೂ ಅಪರಾಧ ಎನ್ನುವುದು ಇಬ್ಬರಿಗೂ ಗೊತ್ತು. ಬೆಳಿಗ್ಗೆ ಆ ಮನೆಯ ತಾಯಿ ಹೇಳುವ ಮಾತೇ ಬೇರೆ: ‘ರೊಕ್ಕ ಇಸ್ಕೊಂಡು ಹಾಕಲಿಲ್ಲಂದ್ರ ದೇವರು ಮೆಚ್ಚತಾನೇನ್ರೀ?’

ಈ ಮಾತಿಗೆ ನಗಬೇಡಿ. ಪಟ್ಟಣದ ಪಂಡಿತರು ಹೇಳುವ ಹಾಗೆ ಇದು ಮತ ಮಾರಿಕೊಂಡವಳ ಮಾತಲ್ಲ. ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದೆಂದು ನಂಬಿದವಳ ಮಾತು. ಅವಳ ಅಂತಃಸಾಕ್ಷಿ ಎಚ್ಚರವಾಗಿಯೇ ಇದೆ. ಅದನ್ನು ಚೀಲದವನು ಅಡವಿಟ್ಟುಕೊಂಡಿದ್ದಾನೆ. ಅಕ್ಕಾ, ಆ ರೊಕ್ಕ ಕೊಟ್ಟವನು ನಿನಗೆ ಉಪಕಾರ ಮಾಡಿಲ್ಲ. ಅದು ನಿನ್ನ ಊರಿನ ರಸ್ತೆಯಲ್ಲಿ, ಕೆರೆಯ ಹೂಳಿನಲ್ಲಿ ಮುಂದೆ ಅವನು ಎತ್ತಿಕೊಳ್ಳಲಿರುವ ದುಡ್ಡು. ಕೊಟ್ಟ ಕೈಯೇ ತಪ್ಪು ಮಾಡಿದ ಮೇಲೆ ಆ ಆಣೆಗೆ ಬೆಲೆಯಿಲ್ಲ. ಮಷೀನಿನ ಪಕ್ಕದ ಗಾಜಿನೊಳಗೆ ಚೀಟಿ ಕಾಣುವುದು ಏಳು ಸೆಕೆಂಡು, ಅದನ್ನು ನೋಡುವವಳು ನೀನೊಬ್ಬಳೇ. ಆದರೂ ಹೆದರಿಕೆ ಇರುತ್ತದೆ, ಒಪ್ಪುತ್ತೇನೆ. ಬೂತ್‌ವಾರು ಲೆಕ್ಕ ಹೊರಬಂದ ಮೇಲೆ ‘ನಿಮ್ಮ ಓಣಿ ನಮಗ ಹಾಕಿಲ್ಲ’ ಎಂದು ಗಟಾರು ಕೆಲಸ ನಿಲ್ಲಿಸುವವರಿದ್ದಾರೆ. ಓಣಿಗೆ ಓಣಿಯೇ ಒಟ್ಟಾಗಿ ಹೋಗಿ ಕೇಳಿದರೆ ಮಾತ್ರ ಅವರು ಬಗ್ಗುತ್ತಾರೆ.

ನಾವು ಒಟ್ಟಾಗುವುದಾದರೂ ಯಾವುದಕ್ಕೆ? ‘ನಮ್ಮ ಪೈಕಿ’ ಅನ್ನುವ ಜಾತಿಯ ಲೆಕ್ಕಕ್ಕೆ. ಕನಕದಾಸರು ಹುಟ್ಟಿದ ಬಾಡ ಶಿಗ್ಗಾವಿ ತಾಲೂಕಿನಲ್ಲಿದೆ. ಗೋವಿಂದ ಭಟ್ಟರ ಶಿಷ್ಯ ಶರೀಫಜ್ಜನ ಶಿಶುವಿನಹಾಳವೂ ಅಲ್ಲೇ ಇದೆ. ಜಯಂತಿಗೆ, ಜಾತ್ರೆಗೆ ಟ್ರ್ಯಾಕ್ಟರ್ ಕಟ್ಟಿಕೊಂಡು ಹೋಗಿ ಕೈಮುಗಿದು ಬರುತ್ತೇವೆ. ಮರುದಿನವೇ ಯಾವ ಜಾತಿಯ ಓಟು ಎಷ್ಟು ಎಂದು ಬೆರಳು ಮಡಚುತ್ತೇವೆ. ನಾಚಿಕೆಯಾಗಬೇಕು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ನಮ್ಮ ಮೌನ. ಜಿಲ್ಲಾ, ತಾಲೂಕು ಪಂಚಾಯತಿಗಳಿಗೆ ನಾವು ಮತ ಹಾಕಿದ್ದು 2016ರ ಫೆಬ್ರುವರಿಯಲ್ಲಿ. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಗಳದ್ದೇ ಕಾರುಬಾರು. ಬಿಜೆಪಿ ಸರ್ಕಾರವೂ ಮುಂದೂಡಿತು, ಕಾಂಗ್ರೆಸ್ ಸರ್ಕಾರವೂ ಮುಂದೂಡಿತು. ಗೋವಿನಜೋಳದ ದರ ಬಿದ್ದಾಗ ರಸ್ತೆಗಿಳಿಯುವ ನಾವು, ಮನೆಯ ಹತ್ತಿರದ ಓಟನ್ನೇ ಕಸಿದುಕೊಂಡಾಗ ಗಪ್‌ಚಿಪ್ ಕೂತೆವು.

ಈ ಮೌನ ಮುರಿಯಲು ಗ್ರಾಮಸಭೆಯಿದೆ. ಆರು ತಿಂಗಳಿಗೊಮ್ಮೆಯಾದರೂ ಅದು ನಡೆಯಲೇಬೇಕು, ಕಾನೂನಿದೆ. ಬರೀ ಸಹಿ ಹಾಕಿ ಚಹಾ ಕುಡಿದು ಎದ್ದು ಬರಬೇಡಿ. ಹೆಣ್ಣುಮಕ್ಕಳು ಮುಂದಿನ ಸಾಲಿನಲ್ಲಿ ಕೂಡಲಿ. ಗೆದ್ದವರನ್ನೂ ಸೋತವರನ್ನೂ ಕರೆಸಿ, ‘ನಮ್ಮ ಓಟು ತಗೊಂಡು ಪಕ್ಷ ಬಿಡೂದಾದ್ರ ಮೊದಲು ನಮ್ಮನ್ನ ಕೇಳತೀರೋ ಇಲ್ಲೋ?’ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಮುಂದಿನ ಸಲ ಚೀಲ ಬಂದರೆ ಬಾಗಿಲು ತೆರೆಯಬೇಡಿ.