ಅಂಗಡಿ ಮುಂದೆ ಕಾಂಕ್ರೀಟ್ ಕಟಿಂಗ್: ಚೈನ್ ಟೈಟ್ ನೋಡೋರು ಯಾರು?

ರಸ್ತೆ ಅಗಲೀಕರಣದ ಮಾರ್ಕಿಂಗ್ ಬಿದ್ದ ಮೇಲೆ ಅಂಗಡಿಯವರೇ ಮುಂಭಾಗ ಒಡೆಸಿಕೊಳ್ಳೋದು ಈಗ ಮಾಮೂಲು. ಜೆಸಿಬಿ ಹಚ್ಚಿದರೆ ಐದು ಅಡಿ ಹೋಗಬೇಕಾದಲ್ಲಿ ಒಳಗಿನ ಗೋಡೆಯೂ ಬಿರುಕು ಬಿಡುತ್ತೆ ಅನ್ನೋ ಭಯ. ಭಯ ಸುಳ್ಳಲ್ಲ. ಹಾಗಾಗಿ ಗೆರೆ ಹೊಡೆದಂತೆ ಕೊಯ್ಯುವ ಮಷೀನಿಗೆ ಬೇಡಿಕೆ. ದುಂಡು ಬ್ಲೇಡಿನ 14 ಇಂಚಿನ ಕಟರ್ ಸುಮಾರು 5 ಇಂಚು ಮಾತ್ರ ಇಳಿಯುತ್ತೆ, ಮೂಲೆಯಲ್ಲಿ ಗೆರೆ ದಾಟುತ್ತೆ. ಕಾಂಕ್ರೀಟ್ ಚೈನ್ ಸಾ ಹಾಗಲ್ಲ, ಪಟ್ಟಿಯ ಉದ್ದದಷ್ಟು ಆಳಕ್ಕೆ ಹೋಗಿ ಮೂಲೆಯನ್ನೂ ನೀಟಾಗಿ ಬಿಡಿಸುತ್ತೆ.

ತೊಂದರೆ ಇರೋದು ಕೈಯಲ್ಲಿ. ಮರ ಕೊಯ್ದು ಅಭ್ಯಾಸ ಆದವರು ಇದನ್ನೂ ಅದೇ ಲೆಕ್ಕದಲ್ಲಿ ಹಿಡಿಯುತ್ತಾರೆ. ಇದರ ಚೈನಿಗೆ ಹಲ್ಲಿಲ್ಲ, ವಜ್ರದ ಪುಡಿ ಕೂರಿಸಿದ ತುಂಡುಗಳಿವೆ. ಅವು ಕಾಂಕ್ರೀಟನ್ನು ತೇಯುತ್ತವೆ. ತೇಯುತ್ತಾ ಕೀಲುಗಳೂ ಸವೆದು ಚೈನ್ ಉದ್ದವಾಗುತ್ತೆ. ಆದ್ದರಿಂದ ಬೆಳಿಗ್ಗೆ ಒಮ್ಮೆ ಟೈಟ್ ಮಾಡಿದರೆ ಸಂಜೆವರೆಗೆ ಸಾಕು ಅನ್ನೋ ಮಾತೇ ಇಲ್ಲ.

ಟೈಟ್ ಮಾಡುವಾಗ ಎಂಜಿನ್ ಪೂರ್ತಿ ಆಫ್ ಆಗಿರಬೇಕು, ಕೈಗೆ ಗ್ಲೌಸ್ ಇರಬೇಕು. ಪಕ್ಕದ ನಟ್ ಸಡಿಲಿಸಿ, ಪಟ್ಟಿಯ ಮೂತಿ ಮೇಲೆತ್ತಿ ಹಿಡಿದು ಸ್ಕ್ರೂ ತಿರುಗಿಸಬೇಕು, ಹಾಗೇ ಹಿಡಿದುಕೊಂಡೇ ನಟ್ ಬಿಗಿಯಬೇಕು. ಚೈನ್ ಪಟ್ಟಿಗೆ ಅಂಟಿ ಕೂತಿರಬೇಕು, ಆದರೆ ಕೈಯಿಂದ ಎಳೆದರೆ ಸುತ್ತ ತಿರುಗಬೇಕು. ತಿರುಗದಿದ್ದರೆ ಅತಿ ಬಿಗಿ: ಪಟ್ಟಿ, ಚೈನು ಎರಡೂ ಬೇಗ ಸವೆಯುತ್ತವೆ. ಪಟ್ಟಿಯ ಕೆಳಗೆ ಅರ್ಧ ಇಂಚು ಜೋತು ಬಿದ್ದಿದ್ದರೆ ಹಲ್ಲುಗಾಲಿ ಮೇಲಿಂದ ಹಾರುತ್ತೆ. ಆಮೇಲೆ ಅದು ಎಲ್ಲಿಗೆ ಹೋಗುತ್ತೋ ಹೇಳೋಕಾಗಲ್ಲ.

ಇನ್ನೊಂದು ನೀರು. ಬೇಸಿಗೆಯಲ್ಲಿ ಟ್ಯಾಂಕರ್ ದುಡ್ಡು ಉಳಿಸೋಕೆ ಒಣ ಕಟಿಂಗ್ ಮಾಡಿಸೋದು ದೊಡ್ಡ ತಪ್ಪು. ನೀರಿನ ಪೈಪ್ ಸಿಕ್ಕಿಸಿ, ಒತ್ತಡ ಸರಿಯಾಗಿದೆಯಾ ನೋಡಿಯೇ ಚೈನ್ ಓಡಿಸಬೇಕು. ಇಲ್ಲದಿದ್ದರೆ ಅದು ಹೊತ್ತಲ್ಲದ ಹೊತ್ತಲ್ಲಿ ಸವೆದು ತುಂಡಾಗುತ್ತೆ, ಏಳುವ ಸಿಲಿಕಾ ಧೂಳು ಶ್ವಾಸಕೋಶ ಸೇರುತ್ತೆ. ಸಿಲಿಕೋಸಿಸ್ ಬಂದರೆ ವಾಸಿಯಾಗಲ್ಲ. ಪಕ್ಕದ ಬೇಕರಿಯವರೂ ಅದೇ ಧೂಳು ಕುಡಿಯುತ್ತಾರೆ, ಅದು ಬೇರೆ ಮಾತು.

ಅಡಿ ಲೆಕ್ಕದಲ್ಲಿ ರೇಟು ಮಾತಾಡಿದರೆ ಮಷೀನ್ ನಿಲ್ಲಿಸಿ ಚೈನ್ ನೋಡೋಕೆ ಯಾರಿಗೂ ಪುರುಸೊತ್ತಿರಲ್ಲ. ಅಂಗಡಿಯವರು ದಿನದ ಲೆಕ್ಕಕ್ಕೆ ಒಪ್ಪಿಸೋದೇ ಲೇಸು. ಸಜ್ಜಾದ ಕೆಳಗೆ ಆಸರೆ ಕಂಬ ಕೊಡಿಸಿ, ಮೇನ್ ಸ್ವಿಚ್ ಇಳಿಸಿ, ಆಪರೇಟರ್‌ ಬಳಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಕಾರ್ಡ್ ಇದೆಯಾ ಅಂತಲೂ ಕೇಳಿ. ಅವಘಡವಾದರೆ ಅವರ ಮನೆಯವರಿಗೆ ಪರಿಹಾರ ಕೇಳೋಕೆ ಅದು ಬೇಕಾಗುತ್ತೆ.