ದಂಟು ಮಾರುವ ಮುಂಚೆ ಬಣವೆ ನೋಡಿ

2022ರ ಸುಗ್ಗಿಯಲ್ಲಿ ಗೋವಿನಜೋಳದ ದಂಟನ್ನೆಲ್ಲ ವ್ಯಾಪಾರಿಗೆ ಮಾರಿಬಿಟ್ಟೆ. 2023ರಲ್ಲಿ ಮಳೆ ಕೈಕೊಟ್ಟಿತು. ಮನೆಯಲ್ಲಿ ಬಣವೆ ಇಲ್ಲ. ಮಾರಿದ ದರದ ಮೂರು ಪಟ್ಟು ಕೊಟ್ಟು ಮೇವು ತಂದೆ. ಕೊನೆಗೆ ಒಂದು ಎತ್ತನ್ನೂ ಮಾರಬೇಕಾಯಿತು. ಅದಕ್ಕೇ ಈ ಮಾತು.

ಹುಲ್ಲು, ದಂಟಿನಿಂದ ಎಥೆನಾಲ್ ಮಾಡುವ ಕಾಲ ಬಂದಿದೆ. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಅಂಥ ಕಾರ್ಖಾನೆ ಉದ್ಘಾಟನೆಯಾಯಿತು. ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ಎಥೆನಾಲ್ ತೆಗೆಯುವ ಲೆಕ್ಕ ಅದರದು. ಹುಲ್ಲಿನ ನಾರನ್ನು ಒಡೆದು ಸಕ್ಕರೆ ಮಾಡೋದು ಸೆಲ್ಯುಲೇಸ್ ಎಂಬ ಕಿಣ್ವಗಳು. ಈ ಕಿಣ್ವ ತುಟ್ಟಿ. ಒಮ್ಮೆ ಹಾಕಿದರೆ ಆ ರಾಡಿಯಲ್ಲೇ ಬೆರೆತು ಹೋಗುತ್ತೆ. ಮೊಸರಿನ ಹೆಪ್ಪಿನ ಹಾಗೆ ತಾನೇ ಬೆಳೆಯೋದೂ ಇಲ್ಲ.

ಇದಕ್ಕೊಂದು ಉಪಾಯವನ್ನು ಧಾರವಾಡದಲ್ಲಿ ರಸಾಯನಶಾಸ್ತ್ರ ಓದುತ್ತಿರುವ ನಮ್ಮ ಅಣ್ಣನ ಮಗಳು ಹೇಳಿದಳು. "ಕಾಕಾ, ಗಿರಣಿಯೊಳಗ ಕಾಳಿನ್ಯಾಗಿನ ಮೊಳೆ ಅಯಸ್ಕಾಂತದಿಂದ ತೆಗೀತಾರಲ್ಲ, ಹಂಗ" ಅಂದಳು. ಕಬ್ಬಿಣದ ಆಕ್ಸೈಡಿನ ಕಣಗಳಿಗೆ ಕಿಣ್ವ ಅಂಟಿಸುತ್ತಾರೆ. ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಒಂದು ನ್ಯಾನೋಮೀಟರ್. ಅಂಥ ಹತ್ತಿಪ್ಪತ್ತು ಪಾಲಿನಷ್ಟು ಸಣ್ಣ ಕಣ. ಹುಲ್ಲಿನ ಚರಟದಿಂದ ಅದನ್ನು ಸೋಸಿ ತೆಗೆಯಲಾಗದು. ಅಯಸ್ಕಾಂತ ಹಿಡಿದರೆ ಕಣ ಮಾತ್ರ ಬರುತ್ತೆ. ತೊಳೆದು ಮತ್ತೆ ಹಾಕಬಹುದು. ಪ್ರತಿ ಸಲ ಶಕ್ತಿ ಒಂದಿಷ್ಟು ಕುಂದುತ್ತೆ. ನಾರೂ ಗಟ್ಟಿ, ಕಣವೂ ಗಟ್ಟಿ, ಒಂದಕ್ಕೊಂದು ಸರಿಯಾಗಿ ತಾಗೋದು ಕಷ್ಟ. ಹೆಚ್ಚಿನ ಕೆಲಸ ಇನ್ನೂ ಪ್ರಯೋಗಾಲಯದಲ್ಲೇ ಇದೆ.

ವಿದ್ಯೆ ಒಳ್ಳೆಯದೇ. ಅದು ಗೆದ್ದರೆ ಕಾರ್ಖಾನೆಯ ಖರ್ಚು ಇಳಿದು ನಮ್ಮ ದಂಟಿಗೂ ಗಿರಾಕಿ ಹೆಚ್ಚಬಹುದು. ಎಚ್ಚರ ಬೇಕಾದ್ದು ಆಗಲೇ. ಅವರ ಕಿಣ್ವ ಅವರಿಗೆ ವಾಪಸ್ ಸಿಗುತ್ತೆ, ಹೊಲ ಬಿಟ್ಟ ದಂಟು ನಮಗೆ ಸಿಗೋದಿಲ್ಲ. ದನ ತಿಂದರೆ ಅದು ಸಗಣಿಯಾಗಿ ತಿಪ್ಪೆಗೆ, ತಿಪ್ಪೆಯಿಂದ ಹೊಲಕ್ಕೆ ಬರುತ್ತೆ. ಪಂಜಾಬ್, ಹರಿಯಾಣದಲ್ಲಿ ಗದ್ದೆಯಲ್ಲೇ ಸುಡುತ್ತಿದ್ದ ಹುಲ್ಲು ಮಾರಿದರೆ ಲಾಭ. ಮಳೆ ನಂಬಿದ ನಮಗೆ ದಂಟು ಕಸವಲ್ಲ.

ಆದ್ದರಿಂದ ಮೊದಲು ಒಂದೂವರೆ ವರ್ಷದ ಮೇವು ಒಟ್ಟಿಕೊಳ್ಳಿ. ಮಾರೋದಾದರೆ ಕಾಳು ಬಿಡಿಸಿದ ದಿಂಡು ಮಾರಿ. ಊರವರೆಲ್ಲ ಕೂಡಿ ತೂಕ, ದರ ಕಾಗದದಲ್ಲಿ ಬರೆಸಿಕೊಳ್ಳಿ. ಕಿಣ್ವದಲ್ಲಿ ಉಳಿಸಿದ ದುಡ್ಡಿನ ಪಾಲು ದಂಟಿನ ದರದಲ್ಲೂ ಕಾಣಲಿ ಅಂತ ಈಗಿನಿಂದಲೇ ಕೇಳೋಣ. ಒಬ್ಬೊಬ್ಬರೇ ಕೇಳಿದರೆ ಯಾರೂ ಕೊಡೋದಿಲ್ಲ.