ಕಾವಲುಗಾರನ ಹಲ್ಲು ಕಿತ್ತವರು ಯಾರು?

ಸರ್ಕಾರವನ್ನು ಪ್ರಶ್ನಿಸುವ ಸಂಘಟನೆಗಳೆಂದರೆ ಆಳುವವರಿಗೆ ಆಗುವುದಿಲ್ಲ. ‘ಅಭಿವೃದ್ಧಿಗೆ ಅಡ್ಡಗಾಲು’, ‘ವಿದೇಶಿ ಹಣದ ಗಿರಾಕಿಗಳು’ ಎಂಬ ಬಿರುದುಗಳು ಸದಾ ಸಿದ್ಧವಿರುತ್ತವೆ. ಇದೇ ಜನ ವಿರೋಧ ಪಕ್ಷದ ಸಾಲಿನಲ್ಲಿ ಕುಳಿತಾಗ ಅದೇ ಸಂಘಟನೆಗಳು ಕಲೆಹಾಕಿದ ದಾಖಲೆಗಳನ್ನು ಕಂಕುಳಲ್ಲಿಟ್ಟುಕೊಂಡು ಸದನಕ್ಕೆ ಬರುತ್ತಾರೆ. ಕಾವಲು ಬೇಕು, ಆದರೆ ಎದುರು ಮನೆಗೆ ಮಾತ್ರ!

ನಮ್ಮ ರಾಜ್ಯದ ಲೋಕಾಯುಕ್ತದ ಪಾಡನ್ನೇ ನೋಡಿ. ಬಳ್ಳಾರಿಯ ಗಣಿ ಲೂಟಿಯ ವಿರುದ್ಧ ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ 2009ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 2011ರ ಜುಲೈನಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ವರದಿ ಕೊಟ್ಟರು. ಬೊಕ್ಕಸಕ್ಕಾದ ನಷ್ಟ 16 ಸಾವಿರ ಕೋಟಿ ರೂಪಾಯಿಗೂ ಹೆಚ್ಚು ಎಂದಿತು ಆ ವರದಿ. ಬಿಜೆಪಿಯ ಮುಖ್ಯಮಂತ್ರಿ ಅದೇ ತಿಂಗಳು ರಾಜೀನಾಮೆ ಕೊಡಬೇಕಾಯಿತು.

ಗಣಿ ಅಕ್ರಮದ ವಿರುದ್ಧ 2010ರಲ್ಲಿ ಬೆಂಗಳೂರಿನಿಂದ ಬಳ್ಳಾರಿಗೆ ಪಾದಯಾತ್ರೆ ಹೋದದ್ದು ಕಾಂಗ್ರೆಸ್. ಅದೇ ಕಾಂಗ್ರೆಸ್ ಸರ್ಕಾರ 2016ರ ಮಾರ್ಚ್‌ನಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಕಟ್ಟಿ, ಲೋಕಾಯುಕ್ತ ಪೊಲೀಸರ ಅಧಿಕಾರ ಕಿತ್ತುಕೊಂಡಿತು. ಆಗ ಕೂಗಾಡಿದ ಬಿಜೆಪಿ 2019ರಲ್ಲಿ ಗದ್ದುಗೆ ಏರಿದ ಮೇಲೂ ಆ ದಳವನ್ನು ಮುಟ್ಟಲಿಲ್ಲ. ಕೊನೆಗೆ 2022ರ ಆಗಸ್ಟ್‌ನಲ್ಲಿ ಅದನ್ನು ರದ್ದು ಮಾಡಿದ್ದು ಹೈಕೋರ್ಟ್. ಆ ಅರ್ಜಿದಾರರಲ್ಲಿ ಬೆಂಗಳೂರಿನ ವಕೀಲರ ಸಂಘವಿತ್ತು, ಹಿರೇಮಠರ ಸಂಘಟನೆಯಿತ್ತು. ಒಂದು ಪಕ್ಷ ಹಲ್ಲು ಕಿತ್ತಿತು, ಇನ್ನೊಂದು ಪಕ್ಷ ಬೊಚ್ಚು ಬಾಯನ್ನು ಹಾಗೇ ಬಿಟ್ಟಿತು. ಹಲ್ಲು ಮರಳಿ ಬಂದದ್ದು ನಾಗರಿಕರು ಕೋರ್ಟಿನ ಮೆಟ್ಟಿಲು ಹತ್ತಿದ್ದರಿಂದ.

ಈಗ ನಮ್ಮ ಮೊಹಲ್ಲಾಗಳಲ್ಲಿ ಕೇಳಿಬರುವ ಒಂದು ಮಾತು: ‘ಈ ಸರ್ಕಾರ ನಮಗೆ ಆಸರೆ, ಇದನ್ನು ಕೆಣಕಿದರೆ ಕೋಮುವಾದಿಗಳಿಗೆ ಲಾಭ.’ ಈ ಮಾತನ್ನು ನಾವು ಒಪ್ಪುವುದಿಲ್ಲ. ಲೆಕ್ಕ ಕೇಳದ ಸ್ನೇಹದಿಂದ ಲಾಭವಾಗುವುದು ಕಳ್ಳನಿಗೆ ಮಾತ್ರ. ವಕ್ಫ್ ಆಸ್ತಿ ಒತ್ತುವರಿ ಕುರಿತು ರಾಜ್ಯ ಅಲ್ಪಸಂಖ್ಯಾತರ ಆಯೋಗ 2012ರಲ್ಲಿ ಸಲ್ಲಿಸಿದ ವರದಿ ವರ್ಷಗಟ್ಟಲೆ ಸದನದ ಮುಂದೆ ಬರಲಿಲ್ಲ. ಆ ವರದಿಯ ಮಾತುಗಳನ್ನು ಒಪ್ಪಲಿ ಬಿಡಲಿ, ಓದುವ ಹಕ್ಕು ಜನರಿಗಿರಲಿಲ್ಲವೆ? ಆಗ ನಮ್ಮ ಮುಖಂಡರೆಲ್ಲ ಎಲ್ಲಿದ್ದರು?

ಸಾಮಾನ್ಯನೊಬ್ಬ ಎದ್ದು ನಿಂತು ಖಲೀಫಾ ಉಮರರ ಮೈಮೇಲಿನ ಬಟ್ಟೆಯ ಲೆಕ್ಕ ಕೇಳಿದ ಪ್ರಸಂಗವನ್ನು ನಮ್ಮ ಮಿಂಬರುಗಳಿಂದ ಹೆಮ್ಮೆಯಿಂದ ಹೇಳಲಾಗುತ್ತದೆ. ಅದೇ ಮಸೀದಿಯಲ್ಲಿ ಮುತವಲ್ಲಿಯ ಲೆಕ್ಕ ಕೇಳಿದ ಹುಡುಗನಿಗೆ ‘ಫಿತ್ನಾ ಎಬ್ಬಿಸುವವನು’ ಎಂಬ ಪಟ್ಟ! ಮುತವಲ್ಲಿ ವರ್ಷಕ್ಕೊಮ್ಮೆ ವಕ್ಫ್ ಮಂಡಳಿಗೆ ಲೆಕ್ಕ ಒಪ್ಪಿಸಬೇಕೆಂದು 1995ರ ವಕ್ಫ್ ಕಾಯ್ದೆಯೇ ಹೇಳಿದೆ. ಅಧಿಕಾರ, ಅದು ವಿಧಾನಸೌಧದ್ದಿರಲಿ ಜಮಾಅತಿನದ್ದಿರಲಿ, ಅಮಾನತ್. ಅಮಾನತಿಗೆ ಲೆಕ್ಕ ಇರಲೇಬೇಕು.

ಆದ್ದರಿಂದ ಕಾವಲು ಸಂಘಟನೆಗಳನ್ನು ನಮ್ಮ ಮೇಲೆ ಲಾಠಿ ಬಿದ್ದ ದಿನ ಮಾತ್ರ ನೆನೆದರೆ ಸಾಲದು. ಪಡಿತರದ ಅಕ್ಕಿ, ಊರ ಕೆರೆ, ಪಂಚಾಯಿತಿಯ ರಸ್ತೆ ಇವುಗಳ ಲೆಕ್ಕವನ್ನೂ ನೆರೆಯ ರೈತ, ದಲಿತ ಸಂಗಾತಿಗಳ ಜೊತೆ ಕುಳಿತು ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಯ ಶುಲ್ಕ ಹತ್ತು ರೂಪಾಯಿ. ಅದನ್ನು ನಮಗೆ ಬೇಡವಾದ ಸರ್ಕಾರಕ್ಕೂ ಬರೆಯೋಣ, ನಾವೇ ಓಟು ಕೊಟ್ಟು ತಂದ ಸರ್ಕಾರಕ್ಕೂ ಬರೆಯೋಣ.